ಹುಣಸೆಹುಳಿಯಲ್ಲಿ ತೊಳೆದ ನೀಲಿಕಲ್ಲು

ಕಲ್ಲಿಗೂ ವಾಸನೆ ಇರುತ್ತದೆ ಅಂದರೆ ನೀವು ನಗಬಹುದು. ಮೊದಲ ಸಲ ಎಲ್ಲೋ ಓದಿದಾಗ ನಾನೂ ನಕ್ಕಿದ್ದೆ. ಧರ್ಮಪುರಿಯ ನನ್ನ ಬಾಡಿಗೆ ಕೋಣೆಯಲ್ಲಿ ಕಿಟಕಿಯ ಕೆಳಗೆ ಒಂದು ಪ್ಲಾಸ್ಟಿಕ್ ಬೇಸಿನ್ ಇದೆ. ಅದರಲ್ಲಿ ನೀರು ತುಂಬಿ, ನೀರಿನೊಳಗೇ ಉಪ್ಪುಕಾಗದ, ಅಂದರೆ ಸ್ಯಾಂಡ್‌ಪೇಪರ್ ಇಟ್ಟು, ಅದರ ಮೇಲೆ ಲ್ಯಾಪಿಸ್ ಲಾಜುಲಿ ಅನ್ನುವ ನೀಲಿಕಲ್ಲನ್ನು, ಮಾರುವ ಮಣಿಸರಗಳಿಗಾಗಿ, ಉಜ್ಜುತ್ತಾ ಕೂರುತ್ತೇನೆ. ಉಜ್ಜಿದಷ್ಟೂ ನೀರು ನೀಲಿ ಹಾಲಿನ ಹಾಗೆ ಆಗುತ್ತದೆ, ಅದರ ಜೊತೆಗೇ ಒಂದು ವಾಸನೆ ಮೆಲ್ಲಗೆ ಏಳುತ್ತದೆ. ಬೆಂಕಿಕಡ್ಡಿ ಆರಿಸಿದ ಮರುಕ್ಷಣ ಮೂಗಿಗೆ ಬಡಿಯುತ್ತದಲ್ಲ, ಅಂಥದ್ದು. ಈ ಕಲ್ಲಿನೊಳಗೆ ಗಂಧಕ ಇರುತ್ತದೆ, ಆ ಗಂಧಕದಿಂದಲೇ ಅದಕ್ಕೆ ಅಷ್ಟು ನೀಲಿ. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು. ಮೊದಲ ದಿನ ಗೊತ್ತಾಗಿದ್ದು ಇಷ್ಟೇ: ಇದು ನಮ್ಮಜ್ಜಿಯ ಅಂಗೈಯ ವಾಸನೆ. ಕುರಿಗೆ ಕಜ್ಜಿ ಬಂದರೆ ಅಜ್ಜಿ ಹೊಂಗೆ ಎಣ್ಣೆಗೆ ಗಂಧಕದ ಪುಡಿ ಕಲಸಿ, ಕುರಿಯ ಕಾಲನ್ನು ತನ್ನ ಮಂಡಿಯ ನಡುವೆ ಸಿಕ್ಕಿಸಿಕೊಂಡು ಸವರುತ್ತಿದ್ದಳು. ಆ ಕೈಯನ್ನು ಬೂದಿ ಹಾಕಿ ತೊಳೆದು, ಸೀಗೆಪುಡಿ ಹಾಕಿ ತೊಳೆದು, ಅದೇ ಕೈಯಲ್ಲಿ ನಮಗೆ ರಾಗಿಮುದ್ದೆ ಮುರಿದು ಕೊಡುತ್ತಿದ್ದಳು. ಎಷ್ಟು ತೊಳೆದರೂ ವಾಸನೆ ಹೋಗುತ್ತಿರಲಿಲ್ಲ. ಮುದ್ದೆಯ ವಾಸನೆಯೇ ಅದು ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ.

ನಮ್ಮ ಮನೆ ಮೇಚೇರಿಯಿಂದ ಸ್ವಲ್ಪ ಒಳಗೆ, ಜಾಲಿಮರಗಳ ನಡುವೆ ಇತ್ತು. ಇತ್ತು ಅಂತಲೇ ಬರೆಯಬೇಕು. ಮಣ್ಣಿನ ಗೋಡೆ, ನಾಡಹೆಂಚು, ಮುಂದೆ ಉದ್ದನೆಯ ಜಗುಲಿ, ಜಗುಲಿಯ ಎದುರಿಗೇ ಮುಳ್ಳುಬೇಲಿ ಸುತ್ತಿದ ಕುರಿಪಟ್ಟಿ, ಅಂದರೆ ಕುರಿದೊಡ್ಡಿ. ಬೆಳಿಗ್ಗೆ ಕಣ್ಣು ಬಿಟ್ಟರೆ ಮೊದಲು ಕಾಣುವುದು ಮನುಷ್ಯರ ಮುಖವಲ್ಲ, ಬೇಲಿಯ ಸಂದಿಯಿಂದ ಇಣುಕುವ ಕುರಿಯ ಮುಖ. ನಮ್ಮ ಕಡೆಯ ಕುರಿಗೆ ಉಣ್ಣೆ ಇರುವುದಿಲ್ಲ, ಗೊತ್ತಾ? ಮೈಮೇಲೆ ಕಂದುಬಣ್ಣದ ಚಿಕ್ಕ ಕೂದಲು, ಸಂಜೆ ಬಿಸಿಲು ಬಿದ್ದರೆ ಇಡೀ ಹಿಂಡೇ ಬೆಲ್ಲದ ಹಾಗೆ ಹೊಳೆಯುತ್ತದೆ. ಹೊಸಿಲು ದಾಟಿದರೆ ನಾವೆಲ್ಲ ತಮಿಳು. ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತಮಿಳು, ಬಸ್ಸಿನಲ್ಲಿ ತಮಿಳು. ಹೊಸಿಲೊಳಗೆ ಮತ್ತು ಪಟ್ಟಿಯೊಳಗೆ ಮಾತ್ರ ಕನ್ನಡ. ಕುರಿಗಳಿಗೆ ತಮಿಳು ಬರುವುದಿಲ್ಲ ಅಂತ ಅಪ್ಪ ತಮಾಷೆ ಮಾಡುತ್ತಿದ್ದರು. ನಾನು ಕನ್ನಡ ಅಕ್ಷರ ಕಲಿತದ್ದು ದೊಡ್ಡವಳಾದ ಮೇಲೆ, ಮೊಬೈಲ್‌ನಲ್ಲಿ. ಹಾಗಾಗಿ ಇದನ್ನು ಮಾತಾಡಿದ ಹಾಗೆಯೇ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ನೀವೇ ಸರಿಮಾಡಿಕೊಂಡು ಓದಿ.

ಅಜ್ಜಿಯ ಕೊರಳಲ್ಲಿ ಒಂದು ಸರ ಇತ್ತು. ಕಪ್ಪು ನೂಲಿನಲ್ಲಿ ಪೋಣಿಸಿದ ಕರಿಮಣಿ, ನಡುವೆ ಒಂದೇ ಒಂದು ನೀಲಿಕಲ್ಲು. ಹೆಬ್ಬೆರಳಿನ ತುದಿಯಷ್ಟು ಅಗಲ, ಎರಡೂ ಕಡೆ ಚಪ್ಪಟೆ, ನೂಲು ಹೋಗುವ ತೂತಿನ ಎರಡೂ ಬಾಯಿಗೆ ಬೆಳ್ಳಿಯ ಸಣ್ಣ ಟೋಪಿ. ಅಜ್ಜಿಯ ಅಪ್ಪ ಕುರಿ ಹೊಡೆದುಕೊಂಡು ಊರೂರು ಮೇಯಿಸುತ್ತಿದ್ದ ಕಾಲದಲ್ಲಿ, ಸೂಜಿ, ಕನ್ನಡಿ, ಮಣಿ ಮಾರಿಕೊಂಡು ನಡೆದು ಬಂದ ಬಡಗಣ ದೇಶದ ಒಬ್ಬ ಮನುಷ್ಯ ಜ್ವರ ಬಂದು ಇವರ ಪಟ್ಟಿಯ ಹತ್ತಿರವೇ ಮಲಗಿದನಂತೆ. ಅಜ್ಜಿಯ ಅವ್ವ ಕುರಿಹಾಲು ಕಾಯಿಸಿ ಕೊಟ್ಟು ನೋಡಿಕೊಂಡಳಂತೆ. ಎದ್ದು ಹೋಗುವಾಗ ಅವನು ಚೀಲದ ತಳದಿಂದ ಈ ಕಲ್ಲು ತೆಗೆದು ಕೊಟ್ಟನಂತೆ. ಅವನ ಮಾತು ಇವರಿಗೆ ತಿಳಿಯದು, ಇವರ ಮಾತು ಅವನಿಗೆ ತಿಳಿಯದು. ಮೇಲೆ ಆಕಾಶ ತೋರಿಸಿ, ಆಮೇಲೆ ಕಲ್ಲು ತೋರಿಸಿದನಂತೆ. ಅಷ್ಟೇ. ಆ ಅವ್ವ ಅದನ್ನು ಗಂಡನ ಮನೆಗೆ ಹೊರಟ ಮಗಳ ಕೊರಳಿಗೆ ಕಟ್ಟಿದಳು, ಆ ಮಗಳೇ ನಮ್ಮಜ್ಜಿ.

ಮಧ್ಯಾಹ್ನ ಕುರಿಗಳು ನೆರಳಿಗೆ ಬಂದು ಮೆಲುಕು ಹಾಕುವಾಗ ನಾನು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ಕಲ್ಲು ನನ್ನ ಕಣ್ಣಿನ ಮೇಲೆ ತೂಗಾಡುತ್ತಿತ್ತು. ಅದರಲ್ಲಿ ಅಲ್ಲಲ್ಲಿ ಚಿನ್ನದ ಚುಕ್ಕಿ, ಒಂದು ಮೂಲೆಯಲ್ಲಿ ಬಿಳಿಯ ಗೆರೆ. ಚುಕ್ಕಿಯನ್ನು ತೋರಿಸಿ ಇದು ಚಿನ್ನವಾ ಅಂತ ಕೇಳಿದರೆ ಅಜ್ಜಿ ಕಾಗೆಬಂಗಾರ ಅನ್ನುತ್ತಿದ್ದಳು. ಹೊಲದಲ್ಲಿ, ಕಲ್ಲಿನ ಮೇಲೆ ಹೊಳೆಯುವುದೆಲ್ಲ ನಮ್ಮ ಕಡೆ ಕಾಗೆಬಂಗಾರವೇ. ಬಿಳಿಯ ಗೆರೆ ಮೋಡವಂತೆ. ಮಳೆ ಹೊಯ್ದು ನಿಂತ ಮೇಲೆ, ಕತ್ತಲಾಗುವುದಕ್ಕೆ ಸ್ವಲ್ಪ ಮೊದಲು, ಇನ್ನೂ ಪೂರಾ ಹೋಗದ ಒಂದೇ ಒಂದು ಮೋಡ. ಒಂದು ಕಲ್ಲಿನಲ್ಲಿ ಹೊತ್ತನ್ನು ಓದುವುದನ್ನು ನಾನು ಕಲಿತದ್ದು ಹೀಗೆ. ಈಗ ನನ್ನ ಹತ್ತಿರ ಪುಸ್ತಕದ ಮಾತುಗಳಿವೆ. ಆ ಚಿನ್ನದ ಚುಕ್ಕಿ ಪೈರೈಟ್, ಆ ಬಿಳಿ ಗೆರೆ ಕ್ಯಾಲ್ಸೈಟ್, ಅಂದರೆ ಸುಣ್ಣಕಲ್ಲಿನ ಜಾತಿ. ಕಲ್ಲು ಬರುವುದು ಆಫ್ಘಾನಿಸ್ತಾನದ ಬದಕ್ಷಾನ್ ಬೆಟ್ಟಗಳಿಂದ, ಸಾವಿರಾರು ವರ್ಷಗಳಿಂದ ಅಲ್ಲಿ ಅಗೆಯುತ್ತಲೇ ಇದ್ದಾರೆ. ಹಿಂದೆ ಅದನ್ನು ಕುಟ್ಟಿ ಪುಡಿಮಾಡಿ ಚಿತ್ರದಲ್ಲಿ ಆಕಾಶ ಬರೆಯುತ್ತಿದ್ದರು. ಸತ್ತ ರಾಜರ ಜೊತೆಗೆ ಹೂಳುತ್ತಿದ್ದರು. ನಮ್ಮಲ್ಲಿ ಅದರ ಹಳೆಯ ಹೆಸರು ರಾಜಾವರ್ತ. ಇದನ್ನೆಲ್ಲ ತಿಳಿದಾಗ ಖುಷಿಗೆ ಕೋಣೆಯಲ್ಲಿ ಒಬ್ಬಳೇ ಕುಣಿದಿದ್ದೇನೆ. ಆದರೂ ಯಾರಾದರೂ ನನ್ನ ಮಣಿಸರ ಕೊಳ್ಳುವಾಗ ಬಿಳಿ ಗೆರೆ ಇದೆಯಲ್ಲ, ಇದು ಡ್ಯಾಮೇಜಾ ಅಂತ ಕೇಳಿದರೆ, ಬಾಯಿಗೆ ಮೊದಲು ಬರುವುದು ಮೋಡವೇ.

ಊರಿನಲ್ಲಿ ಮಾತ್ರ ಯಾರಿಗೂ ರಾಜಾವರ್ತ ಅನ್ನುವ ಪದ ಗೊತ್ತಿರಲಿಲ್ಲ. ನೀಲಿಕಲ್ಲು ಅಂದರೆ ಎಲ್ಲರಿಗೂ ನೀಲಂ. ನೀಲಂ ಅಂದರೆ ಶನಿಯ ಕಲ್ಲು. ಆಗಿ ಬಂದರೆ ಅರಮನೆ, ಆಗಿ ಬರದಿದ್ದರೆ ಮನೆಯೇ ಇಲ್ಲ ಅನ್ನುವ ಹೆದರಿಕೆ. ಇವೆರಡೂ ಬೇರೆ ಬೇರೆ ಕಲ್ಲು, ಒಂದಕ್ಕೊಂದು ಸಂಬಂಧವೇ ಇಲ್ಲ. ನೀಲಂ ಗಾಜಿನ ಹಾಗೆ ಬೆಳಕು ಬಿಡುತ್ತದೆ, ಇದು ಬಿಡುವುದಿಲ್ಲ. ಇಷ್ಟನ್ನು ಹೇಳುವವರು ಅವತ್ತು ಒಬ್ಬರಿದ್ದಿದ್ದರೆ ನಾನು ಈಗ ಹೇಳಲಿರುವ ಕಥೆಯೇ ನಡೆಯುತ್ತಿರಲಿಲ್ಲ. ಯಾರೂ ಇರಲಿಲ್ಲವಲ್ಲ ಅಂತ ಈಗ ಒಂದು ಥರಾ ಸಂತೋಷ.

ಸೆಲ್ವಿ ಅತ್ತೆ ಅಪ್ಪನ ತಂಗಿ, ಅಜ್ಜಿಯ ಕೊನೆಯ ಮಗಳು. ಹಿಂಡು ಅವಳದೇ. ಯಾವ ಕುರಿ ಯಾವತ್ತು ಮೇವು ಬಿಟ್ಟಿತು, ಯಾವುದರ ಮೊಲೆ ಬಾತಿದೆ, ಯಾವ ಮರಿ ತಾಯಿಯಲ್ಲದ ತಾಯಿಯ ಹಾಲು ಕದಿಯುತ್ತದೆ, ಎಲ್ಲ ಅವಳಿಗೆ ಗೊತ್ತು. ನೋಡಲು ಬಂದ ಗಂಡುಗಳೆಲ್ಲ ಸೇಲಂ ಕಡೆಯ ಮಿಲ್ಲಿನವರು. ಮದುವೆಯಾದ ಮೇಲೆ ಲೈನ್ ಮನೆ, ಶಿಫ್ಟು, ಇವಳೂ ಮಿಲ್ಲಿಗೆ ಬರಲಿ ಅನ್ನುವ ಮಾತು. ಅತ್ತೆ ತಲೆ ತಗ್ಗಿಸಿಕೊಂಡೇ ಬೇಡ ಅನ್ನುತ್ತಿದ್ದಳು. ವಯಸ್ಸು ಮೀರುತ್ತಿದೆ ಅಂತ ಊರಿನವರು ಅಜ್ಜಿಯ ಕಿವಿ ಕಚ್ಚುತ್ತಿದ್ದರು. ಹೀಗಿರುವಾಗ ತೊಪ್ಪೂರಿನ ಹತ್ತಿರದಿಂದ ಮಾದೇಶ ಅನ್ನುವವರ ಸಂಬಂಧ ಬಂತು. ಕನ್ನಡದವರೇ, ಬೆಟ್ಟದ ಬುಡದಲ್ಲಿ ಮನೆ, ಹತ್ತಿರ ಹತ್ತಿರ ನಮ್ಮಷ್ಟೇ ಕುರಿ. ನೋಡಲು ಬಂದವರು ಹುಡುಗಿಗೆ ಅಡುಗೆ ಬರುತ್ತದಾ ಅಂತ ಕೇಳುವ ಬದಲು, ಕುಂಟುತ್ತಿದ್ದ ನಮ್ಮ ಒಂದು ಕುರಿಯ ಕಾಲು ಹಿಡಿದು ನೋಡಿ, ಇದಕ್ಕೆ ಏನು ಹಾಕಿದ್ದೀರಿ ಅಂತ ಅತ್ತೆಯನ್ನೇ ಕೇಳಿದರಂತೆ. ಅವತ್ತು ಸಂಜೆ ಅತ್ತೆ ಕುರಿಗಳಿಗೆ ನೀರು ಕುಡಿಸುತ್ತಾ ಒಬ್ಬಳೇ ನಗುತ್ತಿದ್ದದ್ದನ್ನು ನಾನು ನೋಡಿದೆ. ಅವಳಿಗೆ ಬೇಕಾಗಿದ್ದ ಬಾಳು ಅದೊಂದೇ, ಅದು ಬಾಗಿಲಿಗೆ ಬಂದು ನಿಂತಿತ್ತು.

ತಾಂಬೂಲ ಬದಲಾಯಿಸುವ ದಿನ ಅಜ್ಜಿ ತನ್ನ ಕೊರಳಿನ ಸರ ಬಿಚ್ಚಿ ಅತ್ತೆಗೆ ಕಟ್ಟಿದಳು. ತನ್ನ ಅವ್ವ ಮಾಡಿದ ಹಾಗೆಯೇ. ಜಮಖಾನದ ಮೇಲೆ ಎಲ್ಲರೂ ಕೂತಿದ್ದರು, ವೀಳ್ಯದ ತಟ್ಟೆ ನಡುವೆ ಇತ್ತು. ಅವತ್ತೇ ಮೊದಲ ಸಲ ನಮ್ಮ ಮನೆಗೆ ಬಂದಿದ್ದ ಗಂಡಿನ ತಾಯಿ ಮುನಿಯಮ್ಮ, ಅತ್ತೆಗೆ ಹೂ ಮುಡಿಸಲು ಕೈ ಎತ್ತಿದವರು ಹಾಗೇ ನಿಂತರು. ಅವರ ಕಣ್ಣು ಕಲ್ಲಿನ ಮೇಲಿತ್ತು. ಹೂವನ್ನು ಮತ್ತೆ ತಟ್ಟೆಗೆ ಹಾಕಿ ಮೆಲ್ಲಗೆ ತಮಿಳಿನಲ್ಲಿ, ಯಾರಿಗೂ ಅಲ್ಲ ಅನ್ನುವ ಹಾಗೆ, ಅಂದರು:

"ನೀಲಂ ನಮಕ್ಕು ವೇಂಡಾಂ."

ಬೇಡ ಅಂದದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ಅವರೇ ಕನ್ನಡದಲ್ಲಿ ಕಾರಣ ಹೇಳಿದರು. ಅವರ ಅಣ್ಣ ಲಾರಿ ಓಡಿಸುತ್ತಿದ್ದವರು. ಯಾರೋ ಜೋಯಿಸರ ಮಾತು ಕೇಳಿ ನೀಲಂ ಉಂಗುರ ಹಾಕಿಸಿಕೊಂಡಿದ್ದರು. ಉಂಗುರ ಬೆರಳಿಗೆ ಬಂದ ಆ ತಿಂಗಳಲ್ಲೇ ತೊಪ್ಪೂರು ಘಾಟಿಯ ಇಳಿಜಾರಿನಲ್ಲಿ ಲಾರಿಯ ಬ್ರೇಕ್ ಹೋಯಿತು. ಹೆಣವನ್ನು ಮನೆಗೆ ತಂದಾಗ ಬೆರಳಿನಲ್ಲಿ ಉಂಗುರ ಹಾಗೇ ಇತ್ತಂತೆ. ಇದನ್ನು ಕೇಳಿದ ಮೇಲೆ ಯಾರಿಗೆ ತಾನೇ ವಾದ ಮಾಡಲು ಮನಸ್ಸು ಬರುತ್ತದೆ? ಹುಡುಗಿ ಬೇಕು, ಆ ಕಲ್ಲು ಮಾತ್ರ ಬೇಡ ಅಂದರು. ತಟ್ಟೆಯನ್ನು ಹಾಗೇ ಬಿಟ್ಟು, ಯೋಚನೆ ಮಾಡಿ ಹೇಳಿ ಕಳಿಸಿ ಅಂತ ಎದ್ದರು.

ಅವರು ಹೋದ ಮೇಲೆ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಪ್ಪ ಒಂದು ಕಲ್ಲಿಗೋಸ್ಕರ ಇಷ್ಟೊಳ್ಳೆ ಸಂಬಂಧ ಬಿಡುವುದಾ ಅಂತ ಕೂಗಾಡಿದರು. ಅತ್ತೆ ಸರ ಬಿಚ್ಚಿ ಅಜ್ಜಿಯ ಮಡಿಲಿಗೆ ಹಾಕಿ, ನನಗೆ ಇದು ಬೇಡವೇ ಬೇಡ, ಬರಿಗೊರಳಲ್ಲೇ ಹೋಗುತ್ತೇನೆ ಅಂದಳು. ಅಜ್ಜಿ ಅವಳ ತಲೆ ಸವರಿದಳು.

"ಕಲ್ಲಿಗೋಸ್ಕರ ಅಲ್ಲ ಕಣೆ ಸೆಲ್ವಿ. ಇವತ್ತು ಭಯ ಬಿದ್ದು ಇದ ಬುಟ್ಟೋದ್ರೆ, ನಾಳಿಕ್ಕೆ ಆ ಮನೇಲಿ ಇನ್ನೇನ ಬುಡು ಅಂತಾರೋ. ನೀನು ಬುಡ್ತಾನೇ ಇರ್ತೀಯ. ಆಯಮ್ಮನ ಭಯ ಓಗ್ಬೇಕು, ಕಲ್ಲು ಓಗೋದಲ್ಲ."

ಆ ಭಯವನ್ನು ಕಳೆಯಲು ಅಜ್ಜಿ ಕಂಡುಕೊಂಡ ದಾರಿ ನಮ್ಮ ಮನೆಗಳಲ್ಲಿ ಮಾತ್ರ ಹುಟ್ಟಬಹುದಾದದ್ದು. ಕುರಿ ಸಾಕುವ ನಮ್ಮವರಲ್ಲಿ ಏನೇ ಹೊಸದು ಬಂದರೂ ಮೊದಲು ಕುರಿ ನೋಡಬೇಕು. ಹೊಸ ಕಂಬಳಿ ತಂದರೆ ಒಂದು ದಿನ ಪಟ್ಟಿಯ ಬೇಲಿ ಮೇಲೆ ಹಾಕುತ್ತಾರೆ. ಹೊಸ ಪಾತ್ರೆ ತಂದರೆ ಅದರಲ್ಲಿ ಮೊದಲು ಕುರಿಗೆ ನೀರು. ನಾನು ಹುಟ್ಟಿದಾಗ ನನ್ನನ್ನೂ ಮೊರದಲ್ಲಿ ಇಟ್ಟುಕೊಂಡು ಹೋಗಿ ಹಿಂಡಿನ ನಡುವೆ ತೋರಿಸಿದ್ದರಂತೆ. ಕುರಿ ಬೆದರದಿದ್ದರೆ ಸರಿ, ಆ ವಸ್ತು ಮನೆಯದು. ಇದಕ್ಕೆ ನಮ್ಮಲ್ಲಿ ಹೆಸರೂ ಇಲ್ಲ, ಕುರಿ ನೋಡ್ಲಿ ಅನ್ನುವ ಒಂದು ಮಾತು ಇದೆ ಅಷ್ಟೇ. ಅಜ್ಜಿ ಸರವನ್ನು ಸೀರೆಯ ಸೆರಗಿನಲ್ಲಿ ಗಂಟು ಹಾಕಿ, ನನ್ನ ಕೈ ಹಿಡಿದುಕೊಂಡು, ಮೇಚೇರಿಯಲ್ಲಿ ತೊಪ್ಪೂರಿನ ಬಸ್ಸು ಹತ್ತಿದಳು.

ಮುನಿಯಮ್ಮನವರ ಮನೆ ಹೆದ್ದಾರಿಯಿಂದ ಒಳಗೆ. ದೂರದಲ್ಲಿ ಘಾಟಿ ಇಳಿಯುವ ಲಾರಿಗಳ ಗೇರ್ ಸದ್ದು ಅಲ್ಲಿಗೂ ಕೇಳುತ್ತಿತ್ತು, ಆ ಸದ್ದು ಬಂದಾಗಲೆಲ್ಲ ಅವರು ಒಂದು ಗಳಿಗೆ ಮಾತು ನಿಲ್ಲಿಸುತ್ತಿದ್ದರು. ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟರು. ಅಜ್ಜಿ ಕಲ್ಲಿನ ಮಾತೇ ಎತ್ತದೆ, ನಿಮ್ಮಲ್ಲಿ ಯಾವ ಕುರಿ ಗಬ್ಬ ಇದೆ ಅಂತ ಕೇಳಿದಳು. ಅವರು ತೋರಿಸಿದರು. ಆಮೇಲೆ ಇಬ್ಬರೂ ಬೇಲಿಯ ಮೇಲೆ ಮೊಣಕೈ ಊರಿ ಆ ಕುರಿಯನ್ನೇ ನೋಡುತ್ತಾ ನಿಂತರು. ಎದುರುಬದುರು ಕೂತಿದ್ದರೆ ಬಾರದ ಮಾತು ಹಾಗೆ ನಿಂತಾಗ ಬಂತು.

"ಅಕ್ಕಾ, ಇದ ಅದರ ಕೊರಳಿಗೆ ಕಟ್ತೀನಿ. ಅದು ಈಯೋಗಂಟ ಇರ್ಲಿ. ತಾಯಿಗಾಗ್ಲಿ ಮರಿಗಾಗ್ಲಿ ಒಂದು ಕೂದ್ಲು ಕೊಂಕಿದ್ರೆ, ಕಲ್ಲ ಕೊಂಡೋಗಿ ನಾನೇ ಬಾವಿಗಾಕ್ತೀನಿ. ಕುರಿ ನೋಡ್ಲಿ."

ಈ ಕಲ್ಲು ನಿಮ್ಮ ಹಿಂಡಿಗೆ ಆಗಲೇ ಹಳೇದಲ್ವಾ ಅಂದರು ಮುನಿಯಮ್ಮ. ಅದಕ್ಕೇ ನಿಮ್ಮ ಹಿಂಡಿಗೆ ತಂದಿದೀನಿ ಅಂದಳು ಅಜ್ಜಿ. ಮುನಿಯಮ್ಮ ಒಪ್ಪಿದರು, ಒಪ್ಪದೆ ಬೇರೆ ದಾರಿ ಇರಲಿಲ್ಲ. ಜೋಯಿಸನನ್ನು ಬೇಕಾದರೆ ನಂಬದೆ ಇರಬಹುದು, ಕುರಿಯನ್ನು ನಂಬದೆ ನಮ್ಮವರು ಹೇಗಿರುತ್ತಾರೆ? ಆದರೆ ಸರವನ್ನು ಕೈಯಿಂದ ಮುಟ್ಟಲಿಲ್ಲ. ಅಜ್ಜಿಯೇ ಬೇಲಿ ದಾಟಿ ಹೋಗಿ ಕಟ್ಟಿ ಬಂದಳು. ಕುರಿ ತಲೆ ಕೊಡವಿ, ಕಲ್ಲನ್ನು ಮೂಸಿ, ಮತ್ತೆ ಮೇವಿಗೆ ಬಾಯಿ ಹಾಕಿತು.

ಆಮೇಲೆ ಕಾಯುವ ಕೆಲಸ. ಅಜ್ಜಿಯ ಕೊರಳು ಬರಿದಾಗಿತ್ತು, ಸರ ಇದ್ದ ಜಾಗದಲ್ಲಿ ಚರ್ಮ ಬಿಳಿಚಿಕೊಂಡಿತ್ತು, ಮಾತಾಡುವಾಗ ಕೈ ತಾನಾಗಿ ಅಲ್ಲಿಗೆ ಹೋಗಿ ಏನೂ ಸಿಗದೆ ಹಿಂದೆ ಬರುತ್ತಿತ್ತು. ಅಪ್ಪನ ಫೋನಿಗೆ ಸಿಗ್ನಲ್ ಸಿಗುವುದು ಬೇವಿನ ಮರದ ಕೆಳಗೆ ಮಾತ್ರ. ಅತ್ತೆ ಏನಾದರೂ ನೆಪ ಮಾಡಿಕೊಂಡು ಆ ಮರದ ಸುತ್ತಲೇ ಗುಡಿಸುತ್ತಿದ್ದಳು. ಇಷ್ಟು ಗುಡಿಸಿದರೆ ಮರ ಬಿದ್ದೋಗುತ್ತೆ ಅಂತ ಅಮ್ಮ ಅವಳನ್ನು ಕೆಣಕುತ್ತಿದ್ದಳು. ನಮ್ಮ ಹಿಂಡಿನಲ್ಲಿ ಯಾವುದಾದರೂ ಕುರಿ ಈಯಲು ಕಷ್ಟಪಟ್ಟರೆ ಅತ್ತೆಯ ಮುಖ ಬೆಳ್ಳಗಾಗುತ್ತಿತ್ತು. ಕಲ್ಲಿಲ್ಲದ ಕುರಿಗೇ ಹೀಗಾದರೆ ಅಲ್ಲಿ ಏನು ಗತಿ ಅಂತ ಅವಳ ಲೆಕ್ಕ. ಅಜ್ಜಿ ಮಾತ್ರ ಕುರಿ ಈಯುವುದಕ್ಕೆ ಕಲ್ಲೂ ಬೇಡ, ಶನಿಯೂ ಬೇಡ, ಹೊಟ್ಟೆಯಲ್ಲಿ ಮರಿ ಇದ್ದರೆ ಸಾಕು ಅನ್ನುತ್ತಿದ್ದಳು. ಹಾಗೆ ಅನ್ನುತ್ತಾ ದೀಪ ಹಚ್ಚುವಾಗ ಸ್ವಲ್ಪ ಹೆಚ್ಚೇ ಹೊತ್ತು ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು.

ಫೋನ್ ಬರಲಿಲ್ಲ. ಒಂದು ಬೆಳಿಗ್ಗೆ ಮುನಿಯಮ್ಮನವರೇ ಬಂದರು, ಒಬ್ಬರೇ, ಬಸ್ಸಿಳಿದು ಬಿಸಿಲಲ್ಲಿ ನಡೆದುಕೊಂಡು. ಜಗುಲಿಯ ಮೇಲೆ ಕೂತು, ಕೊಟ್ಟ ನೀರನ್ನು ಕುಡಿಯದೆ ಪಕ್ಕಕ್ಕಿಟ್ಟು, ಅಳಲು ಶುರುಮಾಡಿದರು. ಬಾಗಿಲ ಹಿಂದೆ ನಿಂತಿದ್ದ ಅತ್ತೆ ನನ್ನ ಭುಜ ಹಿಡಿದುಕೊಂಡಳು, ಅವಳ ಉಗುರು ಇಳಿದದ್ದು ಈಗಲೂ ಗೊತ್ತಾಗುತ್ತದೆ. ಕುರಿ ಹೋಯಿತು ಅಂತಲೇ ನಾವೆಲ್ಲ ಅಂದುಕೊಂಡೆವು. ಅಜ್ಜಿ ಕೇಳಿದಾಗ, ಕುರಿ ಚೆನ್ನಾಗಿದೆ, ಹೆಣ್ಣುಮರಿ, ಹುಟ್ಟಿದ ಕೂಡಲೇ ಎದ್ದು ನಿಂತಿತು ಅಂದರು. ಮತ್ತೆ ಅಳುವುದು ಯಾಕೆ? ನಡೆದದ್ದು ಹೀಗೆ. ಕುರಿ ಈದ ದಿನವೇ, ಪಕ್ಕದಲ್ಲಿ ಮಲಗಿದ್ದ ಇನ್ನೊಂದು ಕುರಿ ಸರದ ನೂಲನ್ನು ಮೇವೋ ಅಂತ ಜಗಿದು ಕಡಿದುಬಿಟ್ಟಿತು. ಮಣಿಯೆಲ್ಲ ಗೊಬ್ಬರದಲ್ಲಿ ಚೆಲ್ಲಿ ಹೋಯಿತು. ಯಾವ ಕಲ್ಲನ್ನು ಮುಟ್ಟಲೂ ಹೆದರಿದ್ದರೋ ಅದೇ ಕಲ್ಲು ಕಳೆದುಹೋದರೆ ಹುಡುಗಿಯ ತಾಯಿಗೆ ಏನು ಹೇಳಲಿ ಅಂತ ಮುನಿಯಮ್ಮನಿಗೆ ಹೊಸ ಭಯ ಹಿಡಿಯಿತು. ರಾಗಿ ಜರಡಿ ತಂದು, ಇಡೀ ಪಟ್ಟಿಯ ಗೊಬ್ಬರವನ್ನು ಕೂತು ಜರಡಿ ಹಿಡಿದರಂತೆ. ಮಗ, ಬಿಡವ್ವ ಅಂದರೂ ಬಿಡಲಿಲ್ಲವಂತೆ. ಕೊನೆಗೆ ಸಿಕ್ಕಿತು. ಗೊಬ್ಬರ ಮೆತ್ತಿದ ಕಲ್ಲನ್ನು ಹಾಗೇ ಹೇಗೆ ಕೊಡುವುದು? ಬೆಳ್ಳಿಯನ್ನು, ಹಿತ್ತಾಳೆಯನ್ನು ನಾವೆಲ್ಲ ಹೇಗೆ ತೊಳೆಯುತ್ತೇವೋ ಹಾಗೇ ತೊಳೆದರು. ಹುಣಸೆಹುಳಿ ಕಿವುಚಿ, ಉಪ್ಪು ಬೆರೆಸಿ, ಕಲ್ಲಿನ ಮೇಲೆ ದಪ್ಪಗೆ ಮೆತ್ತಿ ಇಟ್ಟು, ಮಾರನೆ ದಿನ ತೆಂಗಿನ ನಾರಿನಲ್ಲಿ ತಿಕ್ಕಿದರು.

ಇಲ್ಲಿ ನಾನು ಎದೆ ಹಿಡಿದುಕೊಳ್ಳುತ್ತೇನೆ, ಆಭರಣ ಮಾಡುವ ಯಾರಾದರೂ ಓದುತ್ತಿದ್ದರೆ ನೀವೂ ಹಿಡಿದುಕೊಳ್ಳುತ್ತೀರಿ. ಈ ಕಲ್ಲಿಗೆ ಹುಳಿ ಆಗುವುದಿಲ್ಲ. ನಿಂಬೆ, ವಿನೆಗರ್, ಹುಣಸೆ ಯಾವುದೂ ಆಗದು. ಮೇಲಿನ ಹೊಳಪನ್ನು ತಿಂದುಹಾಕುತ್ತದೆ. ಬೆವರು ತಾಗಿದರೂ ಒರೆಸಿಡಿ ಅಂತ ನನ್ನಿಂದ ಸರ ಕೊಳ್ಳುವವರಿಗೆಲ್ಲ ನಾನು ತಲೆ ತಿನ್ನುತ್ತೇನೆ. ಮುನಿಯಮ್ಮ ಸೆರಗಿನ ಗಂಟು ಬಿಚ್ಚಿದರು. ಬೆಳ್ಳಿಯ ಟೋಪಿಗಳು ಫಳಫಳ ಹೊಳೆಯುತ್ತಿದ್ದವು. ಅವುಗಳ ನಡುವೆ ಕಲ್ಲಿನ ಒಂದು ಮುಖ ಬೂದಿ ಬಳಿದ ಹಾಗೆ ಮಂಕಾಗಿತ್ತು. ಮೋಡವಿದ್ದ ಜಾಗ ತಗ್ಗಾಗಿತ್ತು.

"ನಿಮ್ಮ ಕಲ್ಲ ಕೊಂದಾಕ್ಬುಟ್ಟೆ ಕಣಕ್ಕಾ," ಅಂದರು. "ಅದು ನಮ್ಮ ಕುರಿಗೇನೂ ಮಾಡ್ಲಿಲ್ಲ. ನಾನೇ ಅದ ಕೊಂದಾಕ್ದೆ."

ಅಜ್ಜಿ ಕಲ್ಲನ್ನು ಅಂಗೈಯಲ್ಲಿ ಇಟ್ಟುಕೊಂಡು ಬಿಸಿಲಿಗೆ ಹಿಡಿದಳು. ತಿರುಗಿಸಿದಳು, ಮತ್ತೆ ತಿರುಗಿಸಿದಳು. ಅವಳ ಅವ್ವ ಕಟ್ಟಿದ ಕಲ್ಲು, ಗಂಡ ಸತ್ತ ದಿನವೂ ಬಿಚ್ಚದ ಕಲ್ಲು. ಅವಳ ಕೆಳತುಟಿ ಒಂದು ಸಲ ಅದುರಿದ್ದನ್ನು ನಾನು ನೋಡಿದೆ, ಯಾಕೆಂದರೆ ನಾನು ಅಷ್ಟು ಕುಳ್ಳಗಿದ್ದೆ, ತಗ್ಗಿಸಿದ ಮುಖ ನನಗೆ ಮಾತ್ರ ಕಾಣುತ್ತಿತ್ತು. ಆಮೇಲೆ ಅವಳು ತಲೆ ಎತ್ತಿದಾಗ ಮುಖ ಬೇರೆಯೇ ಆಗಿತ್ತು.

"ಆ ಹುಳಿ ನೀರ ಏನ್ ಮಾಡ್ದೆ?"

"ಗಿಡಕ್ಕೆ ಸುರಿದೆ."

"ಯಾವ ಗಿಡಕ್ಕೆ?"

"ಇತ್ಲ ನುಗ್ಗೇ ಗಿಡಕ್ಕೆ. ಯಾಕಕ್ಕಾ?"

"ಸನಿ ಏನಾರ ಇದ್ದಿದ್ರೆ ಆ ನೀರಲ್ಲೇ ಓಯ್ತು ಬುಡು. ಈ ವರ್ಸ ನುಗ್ಗೇಕಾಯಿ ಮಾತ್ರ ನಮ್ಮನೇಗೆ ಕಳಿಸ್ಬ್ಯಾಡ."

ಮುನಿಯಮ್ಮ ಕಣ್ಣಲ್ಲಿ ನೀರಿಟ್ಟುಕೊಂಡೇ ಬಾಯಿ ತೆರೆದು ಅಜ್ಜಿಯನ್ನು ನೋಡಿದರು. ನಿಜವಾಗಿ ಹೇಳುತ್ತಿದ್ದಾಳಾ, ಆಡಿಕೊಳ್ಳುತ್ತಿದ್ದಾಳಾ ಅಂತ ಗೊತ್ತಾಗಲಿಲ್ಲ. ಬಾಗಿಲ ಹಿಂದೆ ಅತ್ತೆ ತಡೆಯಲಾರದೆ ಕಿಸಕ್ಕನೆ ನಕ್ಕಳು. ಅದನ್ನು ಕೇಳಿ ಅಜ್ಜಿ ನಕ್ಕಳು, ಅಜ್ಜಿಯನ್ನು ನೋಡಿ ಮುನಿಯಮ್ಮ ನಕ್ಕರು. ಮೂರು ಜನ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುವುದನ್ನು ಕಂಡು ಕುರಿಗಳು ಬೇಲಿಯ ಹತ್ತಿರ ಬಂದು ನಿಂತವು. ಅವತ್ತು ಮುನಿಯಮ್ಮ ಊಟಕ್ಕೆ ನಿಂತರು. ಅಲ್ಲೇ ಜಗುಲಿಯ ಮೇಲೆ ಕೂತು ಅಜ್ಜಿ ಹೊಸ ನೂಲಿಗೆ ಮೇಣ ಸವರಿ ಸರ ಪೋಣಿಸಿದಳು. ಕರಿಮಣಿ ಬಹಳಷ್ಟು ಗೊಬ್ಬರದಲ್ಲಿ ಕಳೆದುಹೋಗಿದ್ದವು. ಸಾಲದೆ ಬಂದ ಜಾಗಕ್ಕೆ ಮುನಿಯಮ್ಮ ತಮ್ಮ ಕೊರಳಿನ ಹಳೆಯ ಸರದಿಂದ ಮಣಿ ಬಿಚ್ಚಿ ಕೊಟ್ಟರು. ಅವು ಸ್ವಲ್ಪ ದಪ್ಪ. ಅತ್ತೆಯ ಕೊರಳಿಗೆ ಸರ ಕಟ್ಟಿದ್ದು ಯಾರು ಅಂತ ಕೇಳುತ್ತೀರಾ? ಅಜ್ಜಿ ಪೋಣಿಸಿ ಮುನಿಯಮ್ಮನ ಕೈಗೆ ಕೊಟ್ಟಳು. ಅವರು ಕಟ್ಟಿದರು.

ಅದಾದ ಮೇಲಿನದೆಲ್ಲ ಬೇಗ ಬೇಗ ಕಳೆದುಹೋಯಿತು. ಅತ್ತೆ ತೊಪ್ಪೂರಿಗೆ ಹೋದಳು, ಅಲ್ಲಿಯ ಹಿಂಡು ಅವಳದಾಯಿತು. ಮೇಯಿಸುವ ಜಾಗ ಕಡಿಮೆಯಾಗುತ್ತಾ ಬಂದು ಅಪ್ಪ ನಮ್ಮ ಕುರಿಗಳನ್ನು ಮೇಚೇರಿ ಸಂತೆಯಲ್ಲಿ ಗುಂಪುಗುಂಪಾಗಿ ಮಾರಿದರು. ಅಜ್ಜಿ ಒಂದು ಚಳಿಗಾಲದಲ್ಲಿ, ಯಾರಿಗೂ ತೊಂದರೆ ಕೊಡದೆ, ಊಟ ಮಾಡಿ ಮಲಗಿದವಳು ಏಳಲಿಲ್ಲ. ಮನೆ ಇದ್ದ ಜಾಗದಲ್ಲಿ ಈಗ ಪವರ್‌ಲೂಮ್ ಶೆಡ್ ಇದೆ. ನಾನು ಒಂದು ಸಲ ಹೋಗಿ ನಿಂತೆ. ಜಗುಲಿ ಎಲ್ಲಿತ್ತು, ಪಟ್ಟಿಯ ಬಾಗಿಲು ಯಾವ ಕಡೆ ಇತ್ತು ಅಂತ ಗುರುತು ಹಿಡಿಯಲು ಆಗಲಿಲ್ಲ. ಒಳಗೆ ಮಗ್ಗಗಳು ಒಂದೇ ಸಮನೆ ಬಡಿಯುತ್ತಿದ್ದವು. ನಿಮ್ಮದೂ ಇಂಥ ಒಂದು ಜಾಗ ಇರುತ್ತದೆ, ನಿಮಗೆ ಹೇಳಬೇಕಾಗಿಲ್ಲ. ಆದರೂ ನಾನು ಅಳುತ್ತಾ ವಾಪಸ್ಸು ಬರಲಿಲ್ಲ. ಒಂದು ಕಲ್ಲನ್ನು ಗಂಟೆಗಟ್ಟಲೆ ನೋಡುತ್ತಾ ಮಲಗಲು ನನಗೆ ಒಂದು ತೊಡೆ ಸಿಕ್ಕಿತ್ತು. ಯಾವ ಕ್ಲಾಸಿಗೂ ಹೋಗದೆ, ವೀಡಿಯೊ ನೋಡಿ ನೋಡಿ, ತಂತಿಯಿಂದ ಬೆರಳು ಚುಚ್ಚಿಸಿಕೊಂಡು ಈ ಕೆಲಸ ಕಲಿಯುವ ಹುಚ್ಚು ನನಗೆ ಬಂದದ್ದು ಅಲ್ಲಿಂದಲೇ. ಕಳೆದುಕೊಂಡದ್ದಕ್ಕಿಂತ ಸಿಕ್ಕಿದ್ದೇ ಹೆಚ್ಚು ಅಂತ ಅನ್ನಿಸಿತು.

ಹೋದ ತಿಂಗಳು ಸೆಲ್ವಿ ಅತ್ತೆ ನನ್ನ ಕೋಣೆಗೆ ಬಂದಿದ್ದಳು. ಮುನಿಯಮ್ಮ ತೀರಿಕೊಂಡು ಸ್ವಲ್ಪ ದಿನವಾಗಿತ್ತು. ಕೊನೆಯ ಎರಡು ವರ್ಷ ಅತ್ತೆಯೇ ಅವರನ್ನು ಎತ್ತಿ ಕೂರಿಸಿ, ಬಾಯಿಗೆ ಉಣಿಸಿ ನೋಡಿಕೊಂಡಿದ್ದಳು. ಸರದ ನೂಲು ಸವೆದಿದೆ, ಗಟ್ಟಿ ನೂಲಿಗೆ ಹಾಕಿಕೊಡು ಅಂದಳು. ನಾನು ಉತ್ಸಾಹದಲ್ಲಿ ನನ್ನ ಉಪ್ಪುಕಾಗದಗಳನ್ನೆಲ್ಲ ಹರಡಿದೆ. ಒರಟಿನಿಂದ ನಯಕ್ಕೆ ಹೇಗೆ ಹೋಗುತ್ತೇನೆ, ಕೊನೆಗೆ ತೊಗಲಿನ ಮೇಲೆ ಪಾಲಿಶ್ ಪುಡಿ ಹಾಕಿ ಹೇಗೆ ತಿಕ್ಕುತ್ತೇನೆ ಅಂತ ಒಂದೇ ಉಸಿರಿಗೆ ಹೇಳಿದೆ. ಮಂಕಾದ ಮುಖವನ್ನು ಕೂದಲೆಳೆಯಷ್ಟು ಉಜ್ಜಿದರೆ ಸಾಕು, ಅಡಿಯಲ್ಲಿ ನೀಲಿ ಹಾಗೇ ಇದೆ, ಅಜ್ಜಿಯ ಕಾಲದ ಹೊಳಪು ವಾಪಸ್ಸು ಬರುತ್ತದೆ ಅಂದೆ. ಅತ್ತೆ ಕಲ್ಲನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. ಆ ಮಂಕಾದ ಮುಖದ ಮೇಲೆ ಹೆಬ್ಬೆರಳು ಆಡಿಸಿದಳು. ಆಡಿಸಿ ಆಡಿಸಿ ಅಲ್ಲಿ ಒಂದು ಬೇರೆ ಥರದ ನುಣುಪು ಬಂದಿತ್ತು, ಅದನ್ನು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ.

"ಬ್ಯಾಡ ನನ್ ಕಣ್ಣು, ಇದ ಉಜ್ಜಬ್ಯಾಡ," ಅಂದಳು. "ಮುಟ್ಟೋಕೂ ಎದರ್ತಿದ್ದೋರು ನಮ್ಮತ್ತೆ. ಅವರೇ ಕೂತು, ಉಣಸೇಉಳಿ ಆಕಿ, ಕೈಯಾರೆ ತೊಳೆದವ್ರೆ. ನಾನು ಆ ಮನೆ ಸೇರಿದ್ದು ಅವತ್ತೇ. ಮದ್ವೆ ದಿನ ಅಲ್ಲ."

ನಾನು ಉಪ್ಪುಕಾಗದಗಳನ್ನು ಒಂದೊಂದಾಗಿ ಮಡಚಿ ಡಬ್ಬಿಗೆ ಹಾಕಿದೆ. ಹೊಸ ನೂಲು ತೆಗೆದುಕೊಂಡು ಪೋಣಿಸಲು ಕೂತೆ. ಕೊನೆಯ ಗಂಟು ಹಾಕುವ ಮೊದಲು ಕಲ್ಲು ಯಾವ ಕಡೆ ತಿರುಗಿರಲಿ ಅಂತ ಕೇಳಲು ಬಾಯಿ ತೆರೆದವಳು, ಕೇಳದೆ, ತೊಳೆದ ಮುಖವನ್ನೇ ಮುಂದಕ್ಕೆ ಮಾಡಿ ಬಿಗಿದೆ.